ಇಂದುಬಾಯಿ ಕೇಳಿಸಿಕೊಂಡ ಮಾತು

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ ಮೊದಲು ಒಂದು ಖಾಸಗಿ ದವಾಖಾನೆ ಇತ್ತು. ಬಾಗಿಲಿನ ಪಕ್ಕದಲ್ಲೇ ಒಂದು ಸಣ್ಣ ಕಿಟಕಿ. ಆ ಕಿಟಕಿಯ ಒಳಗೆ ಹತ್ತೊಂಬತ್ತು ವರ್ಷ ಕೂತವರು ಇಂದುಬಾಯಿ. ಬಂದವರ ಹೆಸರು, ಊರು, ವಯಸ್ಸು ಕೇಳುವುದು, ಏನು ತೊಂದರೆ ಎಂದು ವಿಚಾರಿಸುವುದು, ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡುವುದು ಅವರ ಕೆಲಸ.

ನಾನು ಅವರನ್ನು ಮೊದಲು ಕಂಡದ್ದು ನಮ್ಮ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದಾಗ. ನಮ್ಮವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, "ಒಳಗ ಏನೋ ಕಸಿವಿಸಿ ಆಗಾಕತ್ತೈತ್ರಿ" ಎಂದಳು. ನನಗೆ ಗಾಬರಿ. ಇಂದುಬಾಯಿ ಮಾತ್ರ ಪೆನ್ನನ್ನು ಚೀಟಿಯ ಮೇಲೆ ಇಡದೆ ಕೇಳಿದರು:

"ನಡದಾಗ ಆಗತೈತೋ, ಉಂಡ ಮ್ಯಾಲೋ?"

"ಉಂಡ ಮ್ಯಾಲವ್ವ."

"ಮಲಕೊಂಡ್ರ ಹೆಚ್ಚಾಗತೈತಿ, ಎದ್ದು ಕುಂತ್ರ ಕಡಿಮಿ ಆಗತೈತಿ. ಹೌದಲ್ರಿ?"

ನಮ್ಮವ್ವ ಬಾಯಿ ತೆರೆದು ನೋಡಿದಳು. ಒಳಗಿದ್ದ ಡಾಕ್ಟರು ಉಡುಪಿ ಕಡೆಯವರು. ಇಪ್ಪತ್ತೈದು ವರ್ಷ ಬಾಗೇವಾಡಿಯಲ್ಲಿ ಕಳೆದರೂ ನಮ್ಮ ಹಳ್ಳಿಗಳ ಮಾತು ಅವರಿಗೆ ಪೂರ್ತಿ ದಕ್ಕಿರಲಿಲ್ಲ. ಅರ್ಧ ತಾಸಿಗೊಮ್ಮೆ ಒಳಗಿನಿಂದ, "ಇಂದುಬಾಯೀ, ಇವರು ಏನು ಹೇಳ್ತಿದ್ದಾರೆ?" ಎಂಬ ಕೂಗು ಕೇಳುತ್ತಿತ್ತು. ಇವರು ಕಿಟಕಿಯಿಂದಲೇ ಉತ್ತರ ಕೊಡುತ್ತಿದ್ದರು. ಮುಳವಾಡದ ರೈತನ ಮೈಕೈ ನೋವು, ಕೃಷ್ಣೆಯ ದಂಡೆಯ ತಂಗಡಗಿಯಿಂದ ಎರಡು ಬಸ್ಸು ಬದಲಿಸಿ ಬಂದ ಬಾಣಂತಿಯ ಸಂಕಟ, ಎಲ್ಲವೂ ಮೊದಲು ಅವರ ಕಿವಿಗೆ ಬಿದ್ದು ಆಮೇಲೆ ಡಾಕ್ಟರಿಗೆ ಮುಟ್ಟುತ್ತಿದ್ದವು.

ಇಂದುಬಾಯಿ ಓದಿದ್ದು ಹತ್ತನೆಯ ತರಗತಿ. ಊರು ಮನಗೂಳಿ. ಗಂಡ ಬಸಂತರಾಯರಿಗೆ ಎಂಟು ಎಕರೆ ಹೊಲ. ಕಾಲುವೆಯ ನೀರು ಬಂದ ಮೇಲೆ ತೊಗರಿಯ ಜೊತೆಗೆ ಉಳ್ಳಾಗಡ್ಡಿಯನ್ನೂ ಬೆಳೆಯುತ್ತಾರೆ. ಒಬ್ಬಳೇ ಮಗಳು ಸುವರ್ಣಾ, ಮುದ್ದೇಬಿಹಾಳದ ಸಾಲಿಯೊಂದರಲ್ಲಿ ಟೀಚರ್. ಮನೆಯಲ್ಲಿ ಊಟಕ್ಕೆ, ಬಟ್ಟೆಗೆ ಕೊರತೆ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಡಬ್ಬಿ ಹಿಡಿದು ಹೊರಡುವುದು ಇಂದುಬಾಯಿಗೆ ಬೇಕಾಗಿತ್ತು. "ಆ ಕಿಟಕ್ಯಾಗ ಕುಂತಾಗ ನಾನು ಯಾರಿಗೋ ಬೇಕಾದಾಕಿ ಅನಸ್ತಿತ್ರಿ" ಎಂದು ಒಮ್ಮೆ ನನಗೆ ಹೇಳಿದ್ದರು.

ಅವರಿಗೆ ಐವತ್ತೊಂದು ತುಂಬಿದ ವರ್ಷ ಡಾಕ್ಟರು ವಯಸ್ಸಾಯಿತೆಂದು ದವಾಖಾನೆ ಮುಚ್ಚಿ ತಮ್ಮ ಊರಿಗೆ ಹೊರಟುಹೋದರು. ತಿಂಗಳೊಪ್ಪತ್ತು ಮನೆಯಲ್ಲಿ ಕೂತು ಬೇಸತ್ತ ಇಂದುಬಾಯಿ, ಹೊಸದಾಗಿ ತೆರೆದ ಇನ್ನೊಂದು ಆಸ್ಪತ್ರೆಗೆ ಕೆಲಸ ಕೇಳಿಕೊಂಡು ಹೋದರು. ಅಲ್ಲಿಯ ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಮರ್ಯಾದೆಯಿಂದಲೇ ಕುರ್ಚಿ ಕೊಟ್ಟ.

"ಕಂಪ್ಯೂಟರ್ ಬರತೈತೇನ್ರಿ ಅಕ್ಕಾರ?"

"ಇಲ್ರಿ. ಚೀಟಿ ಬರೀತೇನಿ. ಅಕ್ಷರ ಛಲೋ ಅದಾವು."

"ಈಗ ಚೀಟಿನ ಇಲ್ರಿ. ಹೆಸರ ಬರಿಯೂದರಿಂದ ಹಿಡದು ಎಲ್ಲಾ ಕಂಪ್ಯೂಟರ್‌ನ್ಯಾಗ."

"ಹಂಗಾದ್ರ ಕಲತು ಬರ್ತೇನಿ" ಎಂದು ಇಂದುಬಾಯಿ ಎದ್ದರು. ಅವನು ನಕ್ಕ. ಕೆಟ್ಟ ನಗುವೇನಲ್ಲ. ಈ ವಯಸ್ಸಿನಲ್ಲಿ ಇವರೇನು ಕಲಿತಾರು ಎಂಬ ಸಲೀಸಾದ ನಗು.

ಅವರು ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಬಜಾರದಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ನೋಡಿದ್ದು ನೆನಪಿತ್ತು. ಸೀದಾ ಆ ಮೆಟ್ಟಿಲು ಹತ್ತಿದರು.

ಕ್ಲಾಸು ನಡೆಸುವವಳು ಅಫ್ರೋಜ. ಮೂವತ್ತರ ಒಳಗಿನ ಹೆಣ್ಣುಮಗಳು. ಹನ್ನೆರಡು ಕಂಪ್ಯೂಟರ್ ಇದ್ದವು, ಅವುಗಳಲ್ಲಿ ಒಂಬತ್ತು ನಡೆಯುತ್ತಿದ್ದವು. ಕೂತವರೆಲ್ಲ ಪಿಯುಸಿ ಹುಡುಗ ಹುಡುಗಿಯರು. ಇಂದುಬಾಯಿಯನ್ನು ನೋಡಿ ಅಫ್ರೋಜ, "ಯಾರನ್ನ ಕ್ಲಾಸಿಗೆ ಹಚ್ಚಬೇಕಾಗಿತ್ರಿ ಅಕ್ಕಾರ? ಮಗಳೇನು?" ಎಂದಳು.

"ನನ್ನ."

ಅಫ್ರೋಜ ಕಿಟಕಿಯ ಬದಿಯ ಕುರ್ಚಿ ಎಳೆದು ಕೊಟ್ಟಳು. ತನ್ನ ಮಗಳಿಗಿಂತ ಸಣ್ಣವಳಾದ ಆ ಹುಡುಗಿಯನ್ನು ಇಂದುಬಾಯಿ ಅವತ್ತಿನಿಂದಲೇ "ಟೀಚರ್" ಎಂದು ಕರೆದರು. ಅಫ್ರೋಜ ಎಷ್ಟು ಬೇಡವೆಂದರೂ ಬಿಡಲಿಲ್ಲ.

ಮೊದಲ ವಾರ ಬಹಳ ತ್ರಾಸಿನದು. ಮೌಸ್ ಸರಿಸುತ್ತ ಸರಿಸುತ್ತ ಅದು ಟೇಬಲ್ಲಿನ ಅಂಚಿಗೆ ಬಂದುಬಿಡುತ್ತಿತ್ತು. ಪರದೆಯ ಮೇಲಿನ ಬಾಣ ಇನ್ನೂ ಅರ್ಧ ದಾರಿಯಲ್ಲೇ ಇರುತ್ತಿತ್ತು. ಇಂದುಬಾಯಿ ಅಲ್ಲೇ ಹಿಡಿದುಕೊಂಡು ಕೂತುಬಿಡುತ್ತಿದ್ದರು.

"ಎತ್ತಿ ಈ ಕಡಿ ಇಟಗೊಳ್ರಿ ಅಕ್ಕಾರ."

"ಎತ್ತಿದ್ರ ಬಾಣ ಬಿದ್ದು ಹೋಗೂದಿಲ್ಲೇನ್ರಿ ಟೀಚರ್?"

ಸುತ್ತ ಕೂತ ಹುಡುಗರು ನಕ್ಕರು. ಇಂದುಬಾಯಿಯೂ ನಕ್ಕರು. ಆದರೆ ಮೌಸನ್ನು ಎತ್ತಿ ಇಟ್ಟು, ಬಾಣ ಇದ್ದಲ್ಲೇ ಇರುವುದನ್ನು ಕಂಡು, ಅದನ್ನು ಒಂದು ನೋಟಬುಕ್ಕಿನಲ್ಲಿ ಬರೆದುಕೊಂಡರು: "ಎತ್ತಿದರೆ ಬಾಣ ಎಲ್ಲಿಗೂ ಹೋಗುವುದಿಲ್ಲ." ಆ ನೋಟಬುಕ್ಕನ್ನು ನಾನು ನೋಡಿದ್ದೇನೆ. ನೂರಾ ಹತ್ತು ಪುಟದ ತುಂಬ ಹೀಗೇ ಅವರದೇ ಮಾತಿನಲ್ಲಿ ಬರೆದದ್ದಿದೆ. "ಎರಡು ಸಲ ಒತ್ತುವುದು ಅಂದರೆ ಬಾಗಿಲು ಬಡಿದ ಹಾಗೆ, ನಡುವೆ ಉಸಿರು ತೆಗೆದುಕೊಳ್ಳಬಾರದು." "ಉಳಿಸುವುದು: ಕಂಟ್ರೋಲ್ ಹಿಡಿ, ಬಿಡಬೇಡ, ಆಮೇಲೆ ಎಸ್ ಒತ್ತು." "ಇಮೇಲ್ ವಿಳಾಸದಲ್ಲಿ ಜಾಗ ಬಿಡಬಾರದು, ಬಿಟ್ಟರೆ ಮುಟ್ಟುವುದಿಲ್ಲ."

ಕನ್ನಡ ಟೈಪಿಂಗ್ ಅವರಿಗೆ ಎಲ್ಲಕ್ಕಿಂತ ಕಠಿಣವಾಯಿತು. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ಮಗಳ ಊರಿನ ಹೆಸರು ಬರೆಯಲು ಹೋಗಿ ಮೊದಲ ದಿನ "ಮುದದೇಬಿಹಾಳ" ಎಂದು ಹತ್ತು ಸಲ ಬರೆದರು. ಮನೆಗೆ ಬಂದು ಸೀರೆಯ ಪೆಟ್ಟಿಗೆಯ ರಟ್ಟು ಕತ್ತರಿಸಿ, ಅದರ ಮೇಲೆ ಸ್ಕೆಚ್ ಪೆನ್ನಿನಿಂದ ಕೀಲಿಮಣೆಯ ಚಿತ್ರ ಬರೆದರು. ಬೇಳೆ ಬೇಯುವ ತನಕ ಒಲೆಯ ಪಕ್ಕದಲ್ಲಿ ಆ ರಟ್ಟಿನ ಮೇಲೆ ಬೆರಳು ಓಡಿಸುತ್ತಿದ್ದರು. ಬಸಂತರಾಯರು ಮೊದಮೊದಲು, "ಏನ ಇದು, ರಟ್ಟಿನ ಪೇಟಿ ಬಾರಿಸಾಕತ್ತಿ?" ಎಂದು ಹಾರ್ಮೋನಿಯಂ ನುಡಿಸುವವರಂತೆ ಬೆರಳಾಡಿಸಿ ಚೇಷ್ಟೆ ಮಾಡಿದರು. ಒಂದು ವಾರ ನೋಡಿದ ಮೇಲೆ ಹೊಲದಿಂದ ಬಂದು ಕೈಕಾಲು ತೊಳೆದು, ಪೇಪರ್ ಹಿಡಿದು ಎದುರಿಗೆ ಕೂತರು. ಅವರು ಗಟ್ಟಿಯಾಗಿ ಓದುವುದು, ಇವರು ರಟ್ಟಿನ ಮೇಲೆ ಒತ್ತುವುದು.

"ನಿಂದ್ರು, ಒಂದ ಸಾಲ ಹಿಂದ ಹೋಗು. ನಾನು ಇನ್ನ ಅಲ್ಲೇ ಇದ್ದೇನಿ" ಎಂದು ಇಂದುಬಾಯಿ ಗಂಡನನ್ನು ನಿಲ್ಲಿಸುತ್ತಿದ್ದರು. ಮದುವೆಯಾಗಿ ಮೂವತ್ತು ವರ್ಷಕ್ಕೆ ಗಂಡ ಹೆಂಡತಿ ದಿನಾ ಒಂದು ತಾಸು ಎದುರುಬದುರು ಕೂತದ್ದು ಅದೇ ಮೊದಲಂತೆ.

ಎರಡನೇ ತಿಂಗಳು ಒಂದು ದಿನ ಕ್ಲಾಸಿನಲ್ಲಿ ಮೂರು ಪುಟ ಟೈಪು ಮಾಡಿ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಉಳಿಸಿರಲಿಲ್ಲ. ಕರೆಂಟು ಬಂದಾಗ ಬಿಳಿಯ ಪರದೆಯನ್ನು ನೋಡಿ ಇಂದುಬಾಯಿ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಅಫ್ರೋಜ ಹಿಂದೆಯೇ ಹೋದಳು.

"ಅಳಬ್ಯಾಡ್ರಿ ಅಕ್ಕಾರ. ನಂದೂ ಹಿಂಗ ಬಾಳ ಸಲ ಹೋಗೇತಿ."

"ಅಳಾಕತ್ತಿಲ್ರಿ. ಮೊದಲನೇ ಸಾಲು ಏನಿತ್ತು ಅಂತ ನೆನಪ ಮಾಡ್ಕೊಳ್ಳಾಕತ್ತೇನಿ" ಎಂದರು ಇಂದುಬಾಯಿ. ಅವತ್ತು ಮೂರು ಪುಟವನ್ನೂ ಮತ್ತೆ ಬರೆದು, ಉಳಿಸಿ, ಸಂಜೆಯ ಕಡೆಯ ಬಸ್ಸು ಹಿಡಿದು ಮನೆಗೆ ಹೋದರು.

ಮುಂದಿನ ವಾರ ಮಗಳಿಗೆ ಮೊದಲ ಇಮೇಲ್ ಕಳಿಸಿದರು. "ಸುವರ್ಣಾ, ನಾನು ನಿಮ್ಮವ್ವ. ಇದನ್ನ ನಾನೇ ಬರದೇನಿ. ಮುಟ್ಟಿತೇನು?" ಸುವರ್ಣಾ ಸಾಲಿಯ ಬಿಡುವಿನಲ್ಲಿ ಅದನ್ನು ನೋಡಿ ತಡೆಯಲಾರದೆ ಫೋನ್ ಮಾಡಿದಳು. ಇಂದುಬಾಯಿ ಬೈದರು. "ಫೋನ್ ಯಾಕ ಮಾಡಿದಿ? ಅದರಾಗ ಉತ್ತರ ಬರಿ. ಬಂದದ್ದನ್ನ ತಗದು ಓದಾಕೂ ನಾನು ಕಲೀಬೇಕಲ್ಲ!"

ನಾಲ್ಕು ತಿಂಗಳಾದ ಮೇಲೆ ಅಫ್ರೋಜಳಿಗೆ ಗೆಳತಿಯೊಬ್ಬಳಿಂದ ಒಂದು ಸುದ್ದಿ ಬಂತು. ಜನರ ಆರೋಗ್ಯದ ಕೆಲಸ ಮಾಡುವ ಒಂದು ಸಂಸ್ಥೆಗೆ ಟೈಪು ಮಾಡುವವರು ಬೇಕಾಗಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಜನ ಆ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ ತಮ್ಮ ತೊಂದರೆ ಹೇಳಿಕೊಳ್ಳುತ್ತಿದ್ದರು. ಅವರ ಒಪ್ಪಿಗೆಯಿಂದ ಮಾತು ರೆಕಾರ್ಡ್ ಆಗುತ್ತಿತ್ತು. ಹೆಸರು ತೆಗೆದುಹಾಕಿದ ಆ ರೆಕಾರ್ಡುಗಳನ್ನು ಕೇಳಿ, ಆಡಿದ ಮಾತನ್ನು ಆಡಿದಂತೆಯೇ ಕನ್ನಡದಲ್ಲಿ ಟೈಪು ಮಾಡಬೇಕು. ಮನೆಯಲ್ಲೇ ಕೂತು ಮಾಡುವ ಕೆಲಸ. ಪರೀಕ್ಷೆಗೆಂದು ಮೂರು ನಿಮಿಷದ ಒಂದು ರೆಕಾರ್ಡು ಕಳಿಸಿದ್ದರು.

ಅಫ್ರೋಜ ಕ್ಲಾಸಿನ ಏಳು ಜನರಿಗೆ ಅದನ್ನು ಕೊಟ್ಟಳು. ಹುಡುಗರು ಸರಸರ ಟೈಪು ಮಾಡಿ ಮುಗಿಸಿದರು. ಆದರೆ ಎಲ್ಲರ ಪುಟದಲ್ಲೂ ಅಲ್ಲಲ್ಲಿ ಖಾಲಿ ಜಾಗ. ಮಾತನಾಡಿದ ಮುದುಕ ಹಲ್ಲಿಲ್ಲದವನು, ಹಿಂದೆ ಟ್ರಾಕ್ಟರಿನ ಸದ್ದು ಬೇರೆ. ಇಂದುಬಾಯಿ ಎರಡು ತಾಸು ತೆಗೆದುಕೊಂಡರು. ಅವರ ಪುಟದಲ್ಲಿ ಒಂದೂ ಖಾಲಿ ಇರಲಿಲ್ಲ. ಮುದುಕ ನಡುವೆ ಯಾರಿಗೋ, "ಎಮ್ಮಿ ಹೊರಳೇತಿ, ಹಗ್ಗ ಹಿಡಿ" ಎಂದದ್ದನ್ನೂ ಬಿಡದೆ ಬರೆದಿದ್ದರು.

ಹತ್ತು ದಿನಕ್ಕೆ ಆಯ್ಕೆಯಾಯಿತೆಂದು ಪತ್ರ ಬಂತು. ಬ್ಯಾಂಕಿನ ವಿವರ ಕಳಿಸಿ ಎಂದಿತ್ತು. ಇಂದುಬಾಯಿ ಕಳಿಸಲಿಲ್ಲ. ಗುರುತಿಲ್ಲದವರಿಗೆ ಅದನ್ನು ಕೊಡಬಾರದೆಂಬುದು ಕ್ಲಾಸಿನಲ್ಲಿ ಕಲಿತ ಪಾಠ. ಕೆಲಸ ನೋಡಿಕೊಳ್ಳುವವರ ಮುಖ ನೋಡಿ ಮಾತಾಡಿದ ಮೇಲೆಯೇ ಎಂದು ಉತ್ತರ ಬರೆದರು. ಮರುದಿನ ವಿಡಿಯೋದಲ್ಲಿ ಪಾರ್ಥ ಎಂಬ ತರುಣ ಕಾಣಿಸಿಕೊಂಡ. ಮೈಸೂರು ಕಡೆಯವನು, ಈ ಕೆಲಸದ ಮುಖ್ಯಸ್ಥ. "ನೀವು ಕೇಳಿದ್ದು ಒಳ್ಳೇದಾಯ್ತು ಮೇಡಂ, ಎಲ್ಲರೂ ಹೀಗೆ ಕೇಳಬೇಕು" ಎಂದ.

ಅಫ್ರೋಜ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಳು. ಮನಗೂಳಿಯ ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ, ಮಾಳಿಗೆಯ ಮೇಲೆ ಮಾತ್ರ ಸಿಗುತ್ತಿತ್ತು. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಬಸಂತರಾಯರು ಸಸಿಗಳಿಗೆ ಹಾಕುವ ಹಸಿರು ಜಾಳಿಗೆಯನ್ನು ನಾಲ್ಕು ಗಳ ನೆಟ್ಟು ಕಟ್ಟಿ ನೆರಳು ಮಾಡಿದರು. ಅದರ ಕೆಳಗೆ ಒಂದು ಮಣೆ, ಒಂದು ಕೊಡ ನೀರು, ಕಿವಿಗೆ ಹೆಡ್‌ಫೋನ್. ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡುತ್ತಿದ್ದರು. ಮೂರು ತಿಂಗಳ ಮೇಲೆ ಊರಿನಲ್ಲಿ ಕೇಬಲ್ ನಡೆಸುವ ಬಾಬುಲಾಲ ಮನೆಗೇ ಇಂಟರ್ನೆಟ್ ತಂತಿ ಎಳೆದುಕೊಟ್ಟ. ಆಗ ಕೆಳಗೆ ಇಳಿದರು.

ಕೆಲಸ ಅವರಿಗೆ ಒಗ್ಗಿತು. ದಿನಕ್ಕೆ ಎಂಟು ಹತ್ತು ರೆಕಾರ್ಡು. ಕಣ್ಣು ಮುಚ್ಚಿ ಕೇಳುವುದು, ನಿಲ್ಲಿಸುವುದು, ಬರೆಯುವುದು, ಮತ್ತೆ ಕೇಳುವುದು. "ಕಿಟಕಿ ಮುಂದ ಜನ ನಿಂತಂಗ ಆಗತಿತ್ರಿ. ಮಾರಿ ಅಷ್ಟ ಕಾಣತಿರಲಿಲ್ಲ" ಎನ್ನುತ್ತಾರೆ.

ಕೆಲಸ ಸೇರಿ ತಿಂಗಳಾದ ಮೇಲೆ ಅವರು ಬರೆದ ಪುಟಗಳು ತಿದ್ದುಪಡಿಯಾಗಿ ವಾಪಸು ಬಂದವು. ನಗರದಲ್ಲಿ ಕೂತ ಪರಿಶೀಲಕರು ಎಲ್ಲರ ಬರಹವನ್ನೂ ನೋಡಿ, ತಪ್ಪಿದ್ದಲ್ಲಿ ಕೆಂಪು ಗುರುತು ಮಾಡಿ, ಪಕ್ಕದಲ್ಲಿ ರೋಗಿಯ ತೊಂದರೆಯನ್ನು ಎರಡು ಮಾತಿನಲ್ಲಿ ಬರೆಯುತ್ತಿದ್ದರು. ಇಂದುಬಾಯಿಯ ಪುಟಗಳಲ್ಲಿ ಕೆಂಪು ಬಹಳ ಇತ್ತು. "ನಮ್ಮ ಮಗಗ ಜಡ್ಡಾಗೇತಿ" ಎಂದು ತಾಯಿಯೊಬ್ಬಳು ಹೇಳಿದ್ದನ್ನು ಇವರು ಹಾಗೇ ಬರೆದಿದ್ದರೆ, ಪಕ್ಕದಲ್ಲಿ "ಮಗನಿಗೆ ಆಲಸ್ಯ" ಎಂದಿತ್ತು. ಜಡ್ಡು ಅಂದರೆ ನಮ್ಮಲ್ಲಿ ಕಾಯಿಲೆ. "ರಾತ್ರಿಯೆಲ್ಲ ತ್ರಾಸ ಆತು" ಎಂಬಲ್ಲಿ, ತ್ರಾಸು ಅಂದರೆ ತಕ್ಕಡಿಯಲ್ಲವೇ ಎಂದು ಪ್ರಶ್ನೆ ಹಾಕಿದ್ದರು.

ತಾವೇ ತಪ್ಪು ಎಂದುಕೊಂಡರು ಇಂದುಬಾಯಿ. ಹತ್ತನೇ ತರಗತಿಯವಳು ತಾನು, ಅವರು ದೊಡ್ಡ ಓದು ಓದಿದವರು. ಎರಡು ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ. ಬಿಟ್ಟುಬಿಡುತ್ತೇನೆಂದು ಗಂಡನಿಗೆ ಹೇಳಿದರು. ಬಸಂತರಾಯರು, "ಬಿಡೂದಾದ್ರ ಬಿಡು. ಆದ್ರ ಜಡ್ಡು ಅಂದ್ರ ಆಲಸ್ಯ ಅಂತ ಒಪಗೊಂಡು ಬಿಡಬ್ಯಾಡ" ಎಂದರು.

ಮೂರನೆಯ ದಿನ ಮತ್ತೆ ತೆರೆದು, ಕೆಂಪು ಗುರುತುಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಒಂದು ಸಾಲಿಗೆ ಬಂದು ನಿಂತರು. ಅದು ತಂಗಡಗಿ ಕಡೆಯ ಒಬ್ಬ ಮುದುಕಿಯ ರೆಕಾರ್ಡು. ಆಕೆ ಹೇಳಿದ್ದು: "ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತ್ರಿ. ನೀರ ತರಾಕ ಹ್ವಾದ್ರ ಎರಡ ಸಲ ಕುಂದರಬೇಕ್ರಿ." ಅದರ ಪಕ್ಕದಲ್ಲಿ ಪರಿಶೀಲಕರು ಬರೆದದ್ದು: "ಧೂಮಪಾನದ ಅಭ್ಯಾಸವಿದೆ. ಬಿಡಲು ಸಲಹೆ ನೀಡುವುದು."

ದಮ್ಮು ಹತ್ತುವುದೆಂದರೆ ಉಸಿರು ಸಿಕ್ಕಿಕೊಳ್ಳುವುದು. ನಗರದವರಿಗೆ ದಮ್ಮು ಎಂದೊಡನೆ ಸಿಗರೇಟು ನೆನಪಾಗಿತ್ತು.

ಇಂದುಬಾಯಿ ಸಿಟ್ಟಿನಲ್ಲಿ ಏನೂ ಬರೆಯಲಿಲ್ಲ. ಮೊದಲು ಆ ರೆಕಾರ್ಡನ್ನು ಪೂರ್ತಿ ಮೂರು ಸಲ ಕೇಳಿದರು, ಬೀಡಿಯ ಮಾತು ಎಲ್ಲಾದರೂ ಬಂದಿದೆಯೇ ಎಂದು. ಇರಲಿಲ್ಲ. ಆಮೇಲೆ ಪುಟದ ಅಂಚಿನಲ್ಲಿ ಟಿಪ್ಪಣಿ ಹಾಕಿದರು: "ದಮ್ಮು ಅಂದರೆ ಉಬ್ಬಸ. ಈಕೆ ಸೇದುವುದಿಲ್ಲ, ಈಕೆಗೆ ಉಸಿರಾಟದ ತೊಂದರೆ ಇದೆ." ಮರುದಿನ ನೋಡಿದರೆ ಟಿಪ್ಪಣಿ ಮಾಯ. ಪರಿಶೀಲಕರು ಉತ್ತರವಿಲ್ಲದೆ ಅದನ್ನು ಮುಚ್ಚಿಬಿಟ್ಟಿದ್ದರು.

ಶುಕ್ರವಾರ ಎಲ್ಲರೂ ಸೇರುವ ವಿಡಿಯೋ ಸಭೆ ಇತ್ತು. ಗುರುವಾರ ಇಂದುಬಾಯಿ ಬಾಗೇವಾಡಿಗೆ ಹೋಗಿ ಅಫ್ರೋಜಳ ಮುಂದೆ ಕೂತರು.

"ಟೀಚರ್, ನನ್ನ ಕಂಪ್ಯೂಟರ್‌ನ್ಯಾಗಿನ ಆವಾಜ ಸಭಾದಾಗ ಎಲ್ಲಾರಿಗೂ ಕೇಳಬೇಕು. ಹೆಂಗ?"

ಪರದೆ ತೋರಿಸುವುದು, ಅದರ ಜೊತೆ ಧ್ವನಿಯನ್ನೂ ಕಳಿಸಲು ಕೆಳಗಿನ ಸಣ್ಣ ಚೌಕಕ್ಕೆ ಗುರುತು ಹಾಕುವುದು, ಎಲ್ಲವನ್ನೂ ಅಫ್ರೋಜ ತೋರಿಸಿದಳು. ಒಬ್ಬರು ಒಳಗಿನ ಕೋಣೆಯಲ್ಲಿ, ಒಬ್ಬರು ಹೊರಗೆ ಕೂತು ಆರು ಸಲ ಅಭ್ಯಾಸ ಮಾಡಿದರು.

ಸಭೆಯಲ್ಲಿ ಮೂವತ್ತು ಜನರಿದ್ದರು. ಕೊನೆಗೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಪಾರ್ಥ ಕೇಳಿದ. ಇಂದುಬಾಯಿ ಕೈ ಎತ್ತುವ ಗುಂಡಿ ಒತ್ತಿದರು.

"ದಮ್ಮ ಹತ್ತೂದು ಅಂದ್ರ ಬೀಡಿ ಸೇದೂದಲ್ರಿ" ಎಂದರು.

"ದಮ್ ಅಂದ್ರೆ ಸೇದೋದೇ ಅಲ್ವಾ ಮೇಡಂ?" ಎಂದ ಪಾರ್ಥ.

"ನಿಮ್ಮ ಕಡಿ ಇರಬಹುದ್ರಿ. ನಮ್ಮ ಕಡಿ ಅಲ್ಲ. ನಾನು ಹೇಳಿದ್ದನ್ನ ನಂಬಬ್ಯಾಡ್ರಿ. ಆ ಮುದುಕಿ ಧ್ವನಿ ಹಚ್ಚತೇನಿ, ಎಲ್ಲಾರೂ ಕೇಳ್ರಿ."

ಚೌಕಕ್ಕೆ ಗುರುತು ಹಾಕಿ ರೆಕಾರ್ಡು ಹಚ್ಚಿದರು. ಎರಡನೇ ನಿಮಿಷದಲ್ಲಿ ಮುದುಕಿ ಮಾತು ನಿಲ್ಲಿಸುತ್ತಾಳೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಣ್ಣ ಸೀಟಿಯಂಥ ಸದ್ದು, ಒಳಗೆ ಎಳೆದುಕೊಳ್ಳುವ ಉಸಿರಿನದು. ಮತ್ತೊಮ್ಮೆ. ಮತ್ತೊಮ್ಮೆ. "ತಡೀರಿ, ಹೇಳ್ತೇನಿ" ಎನ್ನುತ್ತಾಳೆ ಮುದುಕಿ. ಮತ್ತೆ ಅದೇ ಸೀಟಿ.

ತಿದ್ದುಪಡಿ ಮಾಡಿದ ಹುಡುಗಿಯೇ ಮೊದಲು ಬಾಯಿ ಬಿಟ್ಟಳು. "ಸಾರಿ ಮೇಡಂ. ನಾನು ಬರೆದದ್ದನ್ನಷ್ಟೇ ಓದಿದ್ದೆ. ರೆಕಾರ್ಡ್ ಕೇಳಿರಲಿಲ್ಲ."

"ನಿನ್ನ ಬೈಯಾಕ ಹೇಳಲಿಲ್ಲವ್ವ" ಎಂದರು ಇಂದುಬಾಯಿ. "ಆಕಿಗೆ ಮತ್ತ ಫೋನ್ ಹೋಗಬೇಕು, ಅಷ್ಟ."

ಪಾರ್ಥ ಕನ್ನಡಕ ತೆಗೆದು ಒರೆಸಿಕೊಂಡ. "ಇಂಥವು ಇನ್ನೆಷ್ಟಿವೆ ಮೇಡಂ?"

"ಸುಮ್ಮನ ಹೇಳಾಕ ಬರೂದಿಲ್ರಿ. ಹುಡುಕಿ ನೋಡಬೇಕು."

ಹುಡುಕಲು ಅವರೇ ಕೂತರು. ಸಾವಿರಾರು ಸಾಲುಗಳಲ್ಲಿ ಒಂದು ಪದ ಎಲ್ಲೆಲ್ಲಿದೆ ಎಂದು ಕಂಪ್ಯೂಟರಿನಿಂದಲೇ ಹುಡುಕಿಸುವುದನ್ನು ಅಫ್ರೋಜಳಿಂದ ಫೋನಿನಲ್ಲಿ ಕಲಿತರು. "ದಮ್ಮ" ಎಂಬ ಪದ ನಲವತ್ತೊಂದು ಕಡೆ ಸಿಕ್ಕಿತು. ಅದರಲ್ಲಿ ಹದಿನೇಳು ಜನರನ್ನು ಸೇದುವವರ ಪಟ್ಟಿಗೆ ಸೇರಿಸಿದ್ದರು. ಹದಿನೇಳನ್ನೂ ಇಂದುಬಾಯಿ ಕೇಳಿದರು. ಮೂವರು ನಿಜವಾಗಿಯೂ ಬೀಡಿ ಸೇದುವವರು. ಆ ಮೂರನ್ನು ಹಾಗೆಯೇ ಬಿಟ್ಟು ಹದಿನಾಲ್ಕರ ವಿವರ ಕಳಿಸಿದರು. ಪಾರ್ಥನಿಗೆ ಹೆಚ್ಚು ನಂಬಿಕೆ ಬಂದದ್ದು ಆ ಮೂರನ್ನು ಬಿಟ್ಟದ್ದರಿಂದ ಎಂದು ಆತನೇ ಆಮೇಲೆ ಹೇಳಿದ.

ಹದಿನಾಲ್ಕು ಜನರಿಗೂ ಸಹಾಯವಾಣಿಯಿಂದ ಮತ್ತೆ ಫೋನ್ ಹೋಯಿತು. ತಂಗಡಗಿ ಕಡೆಯ ಮುದುಕಿಯನ್ನು ಎದೆಯ ತಪಾಸಣೆಗೆ ಕಳಿಸಿದ್ದಾರೆಂಬುದಷ್ಟೇ ಇಂದುಬಾಯಿಗೆ ತಿಳಿಯಿತು. ಆಕೆಯ ಹೆಸರು, ಮನೆ ಯಾವುದನ್ನೂ ಅವರಿಗೆ ಹೇಳುವಂತಿರಲಿಲ್ಲ, ಅವರು ಕೇಳಲೂ ಇಲ್ಲ.

ಅಲ್ಲಿಂದ ಮುಂದೆ ಒಂದು ಹೊಸ ಕೆಲಸ ಹುಟ್ಟಿತು. ನಾಲ್ಕು ತಾಲೂಕುಗಳಲ್ಲಿ ಜನ ಕಾಯಿಲೆಗಳ ಬಗ್ಗೆ ಆಡುವ ಮಾತುಗಳ ಪಟ್ಟಿ ಮಾಡಿಕೊಡಿ ಎಂದು ಪಾರ್ಥ ಕೇಳಿದ. ಕಂಪ್ಯೂಟರಿನಲ್ಲಿ ಸಾಲು, ಚೌಕದ ಮನೆ ಹಾಕಿದ ಹಾಳೆ. ಒಂದು ಮನೆಯಲ್ಲಿ ಜನ ಆಡುವ ಮಾತು, ಮುಂದಿನದರಲ್ಲಿ ಅರ್ಥ, ಅದರ ಮುಂದೆ ಯಾರು ಯಾವಾಗ ಹಾಗೆ ಹೇಳುತ್ತಾರೆ ಎಂಬ ಉದಾಹರಣೆ. ತಲೆ ತಿರುಗಿದರೆ ಚಕ್ಕರ ಬರುವುದು, ಹೆರಿಗೆಯ ನೋವಿಗೆ ಬ್ಯಾನಿ ತಿನ್ನುವುದು, ಭೇದಿಗೆ ಹೊಟ್ಟೆ ಜಾಡಿಸುವುದು, ಜಡ್ಡು, ತ್ರಾಸು, ದಮ್ಮು. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ನಳದ ಮುಂದೆ ಕೇಳಿದ್ದನ್ನೆಲ್ಲ ಬರೆದುಕೊಂಡು ಬಂದು ಹಾಳೆಗೆ ಏರಿಸುತ್ತಿದ್ದರು.

ಇಂಡಿ ಕಡೆಯ ರೆಕಾರ್ಡೊಂದರಲ್ಲಿ ಒಬ್ಬ ಹೆಣ್ಣುಮಗಳು "ಮೈಯಾಗ ಕಣಕಣ ಆಗೇತಿ" ಎಂದಿದ್ದಳು. ಇಂದುಬಾಯಿಗೆ ಅದು ಗೊತ್ತಿರಲಿಲ್ಲ. ಮರಾಠಿಯ ನೆರಳಿರುವ ಮಾತು ಅನ್ನಿಸಿತು. ಜ್ವರ ಇರಬಹುದೆಂದು ಊಹಿಸಿ ಬರೆದುಬಿಡಬಹುದಾಗಿತ್ತು. ಅವರು ಬುತ್ತಿ ಕಟ್ಟಿಕೊಂಡು ವಿಜಯಪುರದಲ್ಲಿ ಬಸ್ಸು ಬದಲಿಸಿ ಇಂಡಿಗೆ ಹೋದರು. ಅಲ್ಲಿ ಲಿಂಬೆಹಣ್ಣು ಆರಿಸಿ ರಾಶಿ ಮಾಡುತ್ತಿದ್ದ ಹೆಣ್ಣುಮಕ್ಕಳ ನಡುವೆ ಹೋಗಿ ಕೂತು, ತಾವೂ ನಾಲ್ಕು ಹಣ್ಣು ಆರಿಸುತ್ತ ಕೇಳಿದರು. ದುರ್ಗವ್ವ ಎಂಬಾಕೆ ಕೈ ಒರೆಸಿಕೊಂಡು ಬಿಡಿಸಿ ಹೇಳಿದಳು.

"ಜರಾ ಅಲ್ರಿ ಅದು. ಜರಾ ಬರೂದಕ್ಕ ಮೊದಲ ಒಳಗೊಳಗ ಬಿಸಿ ಆಗತೈತಿ ನೋಡ್ರಿ, ಹೊರಗ ಮುಟ್ಟಿದ್ರ ಗೊತ್ತಾಗೂದಿಲ್ಲ, ಕೀಲ ಎಲ್ಲಾ ಹಿಡಕೊಂಡಂಗ. ಅದಕ್ಕ ನಾವು ಕಣಕಣ ಅಂತೇವಿ."

ಈ ಒಂದು ಪದಕ್ಕಾಗಿ ಒಂದು ಇಡೀ ದಿನ ಹೋಯಿತು. ಅವರಿಗೆ ಅದರ ಬೇಸರವಿರಲಿಲ್ಲ. ಫೋನಿನಲ್ಲೇ ವಿಚಾರಿಸಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದಾಗ, "ಫೋನಿನ್ಯಾಗ ಆಗಿದ್ರ ಆಕಿ ಜರಾ ಅಂತ ಹೇಳಿ ಇಟ್ಟುಬಿಡ್ತಿದ್ಲು. ಎದುರಿಗೆ ಕುಂತಿದ್ದಕ್ಕ ಇಷ್ಟು ಬಿಡಿಸಿ ಹೇಳಿದ್ಲು" ಎಂದರು.

ಏಳು ತಿಂಗಳಲ್ಲಿ ಪಟ್ಟಿಯಲ್ಲಿ ಆರುನೂರಕ್ಕೂ ಹೆಚ್ಚು ಮಾತುಗಳಾದವು. ಕೊನೆಯಲ್ಲಿ ಸಂಗ್ರಹ ಮಾಡಿದವರೆಂದು ಪಾರ್ಥ ಇಂದುಬಾಯಿಯ ಹೆಸರು ಹಾಕಿದ. ಅವರು ಅದರ ಕೆಳಗೆ ಇಂಡಿಯ ದುರ್ಗವ್ವನದು ಸೇರಿದಂತೆ ಇಪ್ಪತ್ತೆರಡು ಹೆಸರು ಸೇರಿಸಿ ವಾಪಸು ಕಳಿಸಿದರು. ಎಲ್ಲಕ್ಕಿಂತ ಮೇಲೆ "ಕಂಪ್ಯೂಟರ್ ಕಲಿಸಿದವರು: ಅಫ್ರೋಜ ಟೀಚರ್" ಎಂದಿತ್ತು. ಅಫ್ರೋಜ ಆ ಪುಟದ ಪ್ರಿಂಟು ತೆಗೆದು ಕ್ಲಾಸಿನ ಗೋಡೆಗೆ ಅಂಟಿಸಿದ್ದಾಳೆ.

ಈಗ ಇಂದುಬಾಯಿಗೆ ಐವತ್ತನಾಲ್ಕು. ಬೇರೆಯವರು ಬರೆದದ್ದನ್ನು ನೋಡುವ ಪರಿಶೀಲಕರಾಗಿದ್ದಾರೆ. ಬರೆದದ್ದನ್ನು ಓದುವ ಮೊದಲು ರೆಕಾರ್ಡನ್ನು ಪೂರ್ತಿ ಕೇಳಬೇಕೆಂಬುದು ಈಗ ಅಲ್ಲಿಯ ಎಲ್ಲರಿಗೂ ನಿಯಮ. ಹೋದ ವರ್ಷ ಸಂಸ್ಥೆ ಕೃಷ್ಣೆಯಾಚೆಯ ಲಿಂಗಸುಗೂರು ಕಡೆಯ ಫೋನುಗಳನ್ನೂ ತೆಗೆದುಕೊಳ್ಳತೊಡಗಿದಾಗ ಆ ಕೆಲಸವನ್ನೂ ಇವರಿಗೇ ಒಪ್ಪಿಸಿದರು. ಸಂಬಳವೂ ಹೆಚ್ಚುತ್ತಿತ್ತು. ಇಂದುಬಾಯಿ ಎರಡು ರೆಕಾರ್ಡು ಕೇಳಿ ಪಾರ್ಥನಿಗೆ ಬರೆದರು: "ಹೊಳೆಯ ಆಚೆಯ ಮಾತು ನನಗೆ ಪೂರ್ತಿ ತಿಳಿಯುವುದಿಲ್ಲ. ತಿಳಿದಂತೆ ಮಾಡಿದರೆ ತಪ್ಪಾಗುತ್ತದೆ. ಅಲ್ಲಿಯವರನ್ನೇ ಹುಡುಕಿ. ಕಂಪ್ಯೂಟರ್ ಬರದಿದ್ದರೆ ನಾನು ಕಲಿಸುತ್ತೇನೆ."

ಹಾಗೆ ಸಿಕ್ಕವಳು ಕೋಮಲ, ಲಿಂಗಸುಗೂರಿನ ಹತ್ತಿರದ ಹಳ್ಳಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ನಲವತ್ತರ ಹೆಂಗಸು. ಕಳೆದ ಶ್ರಾವಣದಲ್ಲಿ ನಾನು ಮನಗೂಳಿಗೆ ಹೋದಾಗ ಇಂದುಬಾಯಿ ಅವಳಿಗೆ ವಿಡಿಯೋದಲ್ಲಿ ಪಾಠ ಹೇಳುತ್ತಿದ್ದರು. ನನಗೆ ಕೂರಲು ಕೈಮಾಡಿ ತೋರಿಸಿದರು. ಬಸಂತರಾಯರು ಚಹಾ ತಂದಿಟ್ಟು ಸದ್ದಾಗದಂತೆ ಹೊರಗೆ ಹೋದರು.

ಅಷ್ಟರಲ್ಲಿ ಆ ಕಡೆಯಿಂದ ಕೋಮಲಳ ಗಾಬರಿಯ ದನಿ ಬಂತು. "ಅಕ್ಕಾರ, ಎಲ್ಲಾ ಹೋತ್ರಿ! ಏನೂ ಕಾಣವಲ್ದು!"

"ಏನೂ ಹೋಗಿಲ್ಲ. ಕೈ ತಗದು ತೊಡಿ ಮ್ಯಾಲ ಇಟಗೋ."

"ಇಟಗೊಂಡೇನ್ರಿ."

"ಈಗ ನಿನಗ ಏನ ಕಾಣತೈತಿ, ಅದನ್ನಷ್ಟ ನಿನ್ನ ಮಾತಿನ್ಯಾಗ ಹೇಳು. ನಾನು ಕೇಳಾಕತ್ತೇನಿ."

ಇಂದುಬಾಯಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಚಹಾ ಆರಿತು. ಕೋಮಲ ಹೇಳಿ ಮುಗಿಸುವ ತನಕ ನಡುವೆ ಒಂದು ಮಾತೂ ಆಡಲಿಲ್ಲ.